ತಳದ ಎರಡು ಬೆರಳು

ಸಿಗ್ನೆಟ್ಟಿನ ಜೆಟ್ಟಿ ಪಕ್ಕದ ಶೆಡ್ಡಿನಲ್ಲಿ
ಸೇಬಿನ ಪೆಟ್ಟಿಗೆ ಮಗುಚಿ ಹಾಳೆ ಹರಡಿದ್ದೇನೆ.
ಹೊರಗೆ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದ ದೋಣಿ, ಸ್ಟರ್ಮರ್.
ನಲವತ್ತೆರಡು ಅಡಿ. ಹೆಸರು ಮಾತ್ರ ಒಂದು ಸೇಬಿನ ತಳಿಯದು.
ಹಳೆಯ ಟ್ಯಾಂಕು ನಿನ್ನೆ ತುಂಡುತುಂಡಾಗಿ ಹೊರಬಂತು:
ತುಕ್ಕು, ಒಂದಿಷ್ಟು ಕರಿ ಲೋಳೆ.
ಡೀಸೆಲ್ಲಿನಲ್ಲೂ ಜೀವ ಹುಟ್ಟುತ್ತದೆ,
ನೀರಿನ ಪಸೆಯೊಂದಿದ್ದರೆ ಸಾಕು.

ಐವರ್ ಪ್ರೆವಿಟ್ ಹಾಳೆಯನ್ನು ಓರೆಯಾಗಿ ನೋಡುತ್ತಾನೆ.
ಅವನ ನೋಟದ ನಡುಭಾಗ ಹೋಗಿದೆ,
ಅಂಚು ಕಾಣುತ್ತದಂತೆ. ನನ್ನ ಕಿವಿ, ಓಲೆ,
ಮುಖವಿರಬೇಕಾದಲ್ಲಿ ಹೊಗೆ.
ಚುಕ್ಕಾಣಿ ಇನ್ನು ತಂಗಿ ಡಲ್ಸಿಯದು.
"ಕೆಳಗೆ ಎಂಜಿನ್ನಿನ ಜೊತೆ ನಾನಿರ್ತೀನಿ,
ಅಲ್ಲಿ ಮೊದಲೂ ಕತ್ತಲೆಯೇ."

ಎಡಕ್ಕೆ ನಾನೂರು ಲೀಟರು, ಬಲಕ್ಕೆ ನಾನೂರು,
ಎಂಜಿನ್ನಿನ ತಲೆಯ ಮೇಲೆ ಪುಟ್ಟದೊಂದು, ಅರವತ್ತು,
ದಿನದ ಖರ್ಚಿಗೆ.
ಡಬ್ಬದಿಂದ ಕುಡಿಕೆಗೆ, ಕುಡಿಕೆಯಿಂದ ಒಗ್ಗರಣೆಗೆ,
ಅಡುಗೆಮನೆಗೆ ಗೊತ್ತಿರುವ ಲೆಕ್ಕವೇ.
ಪಂಪು ಕೈಕೊಟ್ಟರೂ ಕುಡಿಕೆಯಲ್ಲಿದ್ದಷ್ಟು ತಾನಾಗಿ ಇಳಿಯುತ್ತದೆ,
ಭೂಮಿ ಎಳೆಯುವುದನ್ನು ಬಿಡುವುದಿಲ್ಲವಲ್ಲ.
ಐದಾರು ಗಂಟೆ. ಬ್ರೂನಿ ದ್ವೀಪದ ಮರೆ ಸೇರಲು ಸಾಕು.

ತುಂಬಿದ ಕೊಡ ತುಳುಕುವುದಿಲ್ಲ. ನಿಜ.
ಆದರೆ ಕೊಡ ತುಂಬಿರುವುದು ಹೊರಟ ಬೆಳಿಗ್ಗೆ ಮಾತ್ರ.
ಗಾದೆ ಕಟ್ಟಿದವರು ದಡದಲ್ಲಿದ್ದರು.
ನಾನು ಅರೆಗೊಡಕ್ಕೆ ಲೆಕ್ಕ ಹಾಕಬೇಕು:
ಒಳಗೆ ಮೂರು ಅಡ್ಡಗೋಡೆ, ಮೂಲೆ ಕತ್ತರಿಸಿ.
ಡೀಸೆಲ್ಲು ನುಸುಳಲಿ, ನುಗ್ಗದಿರಲಿ.

ಎರಡರ ನಡುವೆ ಸದಾ ತೆರೆದ ಕೊಳವೆ ಇಡು ಅಂದ,
ತಾನೇ ಸಮವಾಗಲಿ.
ಆಗದು ಅಂದೆ. ದೋಣಿ ಬಲಕ್ಕೆ ವಾಲಿತೆನ್ನು,
ಎಡದ್ದೆಲ್ಲ ಅತ್ತಲೇ ಹರಿದು ಇನ್ನಷ್ಟು ವಾಲಿಸುತ್ತದೆ,
ಕಷ್ಟ ಕೇಳಲು ಬಂದು ಹದಿನೈದು ದಿನ ಕೂರುವ ನೆಂಟರ ಹಾಗೆ.
ನಕ್ಕ. ಅವನಿಗೂ ಅಂಥವರಿದ್ದರು.

ಹೀರುವ ಕೊಳವೆ ತಳ ಮುಟ್ಟಕೂಡದು, ಎರಡು ಬೆರಳು ಮೇಲಿರಬೇಕು.
ಇದನ್ನು ಯಾವ ಕೋರ್ಸಿನಲ್ಲೂ ಕಲಿಯಲಿಲ್ಲ.
ಹರಿಹರದಲ್ಲಿ ಅಪ್ಪನ ಸೀಮೆಎಣ್ಣೆ ಡಿಪೋ,
ಬ್ಯಾರಲ್ಲಿಗೆ ಇಳಿಬಿಟ್ಟ ಕೈಪಂಪು, ನೀಲಿ ಎಣ್ಣೆ,
ಸಾಲಿನಲ್ಲಿ ಮನುಷ್ಯರ ಬದಲು ನಿಂತ ಕ್ಯಾನುಗಳು.
"ತಳದ ಎರಡು ಬೆರಳು ಬಿಡು, ಅಲ್ಲಿ ನೀರಿರುತ್ತೆ."
ಲೆಕ್ಕ ತಪ್ಪಿತೆಂದು ಇನ್‌ಸ್ಪೆಕ್ಟರು ಬಂದಾಗ
ಬ್ಯಾರಲ್ಲು ಬಗ್ಗಿಸಿ ತೋರಿಸಿದ:
ನೀರು, ಮರಳು, ಒಂದು ಜಿರಳೆ.
ದಂಡ ತಪ್ಪಲಿಲ್ಲ.
ಆದರೂ ನಮ್ಮ ಎಣ್ಣೆ ಹಾಕಿದ ಲಾಟೀನು
ಒಂದು ದಿನ ಚಟಪಟ ಅಂದಿದ್ದಿಲ್ಲ.

ಐದು ವಾಲ್ವು.
ಯಾವ ಬಣ್ಣ ಬಳಿಯಲಿ ಎಂದು ಕೇಳಹೋಗಿ ನಾಲಗೆ ಕಚ್ಚಿಕೊಂಡೆ.
ಅರ ತೆಗೆದು ಹಿತ್ತಾಳೆ ಹಿಡಿಕೆಗಳನ್ನು ಉಜ್ಜಿದೆ.
ಎಡದ್ದಕ್ಕೆ ಒಂದು ಕಚ್ಚು, ಬಲದ್ದಕ್ಕೆ ಎರಡು,
ಕುಡಿಕೆಯದಕ್ಕೆ ದುಂಡು ಗುಬುಟು,
ನೀರಿಳಿಸುವುದಕ್ಕೆ ಒರಟು ಗೀರು.
ಕೊಳವೆಯುದ್ದಕ್ಕಿದ್ದರೆ ತೆರೆದಿದೆ, ಅಡ್ಡವಿದ್ದರೆ ಮುಚ್ಚಿದೆ.
ಐದನೆಯದು ನುಣ್ಣಗಿದೆ.
ಬೆಂಕಿ ಹತ್ತಿದರೆ ಮೇಲಿನಿಂದ ತಂತಿ ಎಳೆದು ಮುಚ್ಚುವುದು, ಡಲ್ಸಿಗೆ.
"ಅವನು ಕೆಳಗಿದ್ದರೂನಾ?" ಅಂದಳು.
"ಇದ್ದರೇ," ಅಂದ ಐವರ್.

ಮಾರ್ಚಿಯಲ್ಲಿ ಸ್ಟರ್ಮರ್ ನೀರಿಗಿಳಿಯಿತು.
ಮೊದಲ ಬೆಳಿಗ್ಗೆ ಕೆಳಗಿನಿಂದ ಸದ್ದು:
ಬೆರಳ ಗೆಣ್ಣಿನಿಂದ ಟ್ಯಾಂಕು ಬಡಿಯುತ್ತಿದ್ದಾನೆ,
ಟೊಳ್ಳು ಎಲ್ಲಿ ಮುಗಿಯಿತು, ತುಂಬಿದ್ದು ಎಲ್ಲಿ ಶುರು.
ಆಮೇಲೆ ಒರಟು ಗೀರಿನ ಹಿಡಿಕೆ ಹುಡುಕಿ
ಲೋಟಕ್ಕೆ ಒಂದಿಷ್ಟು ಇಳಿಸಿದ.
ನಾನು ಬಗ್ಗಿ ನೋಡುವುದರೊಳಗೆ
ಎರಡು ಬೆರಳ ನಡುವೆ ತಿಕ್ಕಿ,
"ನೀರು," ಅಂದ.
ಸ್ವಲ್ಪ ಇತ್ತು.